ಆಚಾರ್ಯ ಶಾಂತಿಸಾಗರರು ಕಂಡ ಮುಪ್ಪು

ಭಾದ್ರಪದ ಶುದ್ಧ ಬಿದಿಗೆ ಬಂದಿತೆಂದರೆ ದಶಲಕ್ಷಣ ಪರ್ವಕ್ಕೆ ಮೂರೇ ದಿನ ಉಳಿದಿರುತ್ತದೆ. ಬಸದಿಗಳಲ್ಲಿ ಪರ್ವದ ಸಿದ್ಧತೆ ನಡೆದಿರುವಾಗಲೇ ಆ ದಿನ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರ ಸಮಾಧಿಯ ತಿಥಿಯನ್ನು ಸ್ಮರಿಸುವುದು ನಮ್ಮ ರೂಢಿ. 1955ರ ಸೆಪ್ಟೆಂಬರ್ 18ರ ಭಾನುವಾರ ಬೆಳಗಿನ ಹೊತ್ತು, ಇಂದಿನ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯಲ್ಲಿರುವ ಕುಂಥಲಗಿರಿ ಸಿದ್ಧಕ್ಷೇತ್ರದಲ್ಲಿ, ಮೂವತ್ತಾರು ದಿನಗಳ ಸಲ್ಲೇಖನದ ನಂತರ ಅವರು ದೇಹವನ್ನು ಬಿಟ್ಟರು. ಆಗ ಅವರಿಗೆ ಎಂಬತ್ತಮೂರು ವರ್ಷ.

ಪಾಠಶಾಲೆಯ ಮಕ್ಕಳಿಗೆ ಆಚಾರ್ಯರ ಚರಿತ್ರೆಯನ್ನು ಹೇಳುವಾಗ ನಾನು ಬಹುಕಾಲ ಅವರ ದೇಹಬಲದ ಪ್ರಸಂಗಗಳನ್ನೇ ಆರಿಸಿಕೊಳ್ಳುತ್ತಿದ್ದೆ. ಮುನಿಗಳನ್ನು ಹೆಗಲ ಮೇಲೆ ಹೊತ್ತು ನದಿ ದಾಟಿಸಿದ್ದು, ಕೊಣ್ಣೂರಿನ ಗುಹೆಯಲ್ಲಿ ಧ್ಯಾನಸ್ಥರಾಗಿದ್ದಾಗ ಸರ್ಪವೊಂದು ಮೈಗೆ ಸುತ್ತಿಕೊಂಡರೂ ಕದಲದೆ ಕುಳಿತಿದ್ದು, ಇವನ್ನು ಹೇಳಿದರೆ ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆಯೇ ಕೇಳುತ್ತಿದ್ದರು. ಹೇಳುವ ನನಗೂ ಅವೇ ಪ್ರಿಯವಾಗಿದ್ದವು. ಕೊನೆಯ ಭಾಗಕ್ಕೆ ಬಂದಾಗ, ಆಚಾರ್ಯರು ವೃದ್ಧರಾದರು, ಕಣ್ಣು ಮಂದವಾಯಿತು, ಸಲ್ಲೇಖನ ಸ್ವೀಕರಿಸಿದರು ಎಂದು ಮೂರು ವಾಕ್ಯಗಳಲ್ಲಿ ಮುಗಿಸುತ್ತಿದ್ದೆ. ಅರವತ್ತು ದಾಟಿ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡ ಮೇಲೆ ಅದೇ ಚರಿತ್ರೆಯನ್ನು ಮತ್ತೆ ಓದಿದಾಗ ಸರ್ಪದ ಪುಟಗಳು ಬೇಗ ಬೇಗನೆ ಸರಿದುಹೋದವು. ಆ ಮೂರು ವಾಕ್ಯಗಳ ಬಳಿ ಮನಸ್ಸು ನಿಂತುಬಿಟ್ಟಿತು. ಮುಪ್ಪು ಎಂಬುದು ಅವರ ಬಾಳಿನಲ್ಲಿ ಎಷ್ಟು ಸಲ, ಎಷ್ಟು ರೂಪದಲ್ಲಿ ಎದುರಾಗಿದೆ ಎಂಬುದು ಆಗ ಕಾಣಿಸಿತು.

ಬೆಳಗಾವಿ ಜಿಲ್ಲೆಯಲ್ಲಿ, ಇಂದಿನ ನಿಪ್ಪಾಣಿ ತಾಲ್ಲೂಕಿಗೆ ಸೇರಿದ ಭೋಜ ಗ್ರಾಮ ದೂಧಗಂಗಾ ಮತ್ತು ವೇದಗಂಗಾ ನದಿಗಳು ಕೂಡುವ ನೆಲ. ಅಲ್ಲಿಯ ಪಾಟೀಲ ಮನೆತನದ ಭೀಮಗೌಡ ಮತ್ತು ಸತ್ಯವತಿ ದಂಪತಿಗಳ ಮಗನಾಗಿ 1872ರಲ್ಲಿ ಸಾತಗೌಡ ಜನಿಸಿದರು. ಒಕ್ಕಲುತನದ ಮನೆ. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿಗೇ ಮದುವೆ ನಡೆಯಿತು. ಕೆಲವೇ ತಿಂಗಳುಗಳಲ್ಲಿ ಆ ಬಾಲಕಿ ತೀರಿಕೊಂಡಳು. ಗಂಡಹೆಂಡಿರೆಂಬ ಅರಿವೇ ಮೂಡದ ವಯಸ್ಸಿನಲ್ಲಿ ಕೂಡಿದ್ದೂ ಅಗಲಿದ್ದೂ ಎರಡೂ ಮುಗಿದುಹೋದವು. ಮುಂದೆ ಮನೆಯವರು ಮತ್ತೊಂದು ಮದುವೆಯ ಮಾತು ತೆಗೆದಾಗ ಸಾತಗೌಡರು ಒಪ್ಪಲಿಲ್ಲ.

ಮೈಕಟ್ಟು ಮಾತ್ರ ಅಸಾಧಾರಣವಾದದ್ದು. ಕಪಿಲೆ ಬಾವಿಯಿಂದ ಎತ್ತುಗಳು ಎಳೆಯುವ ನೀರನ್ನು ಅವರು ಒಬ್ಬರೇ ಎಳೆಯುತ್ತಿದ್ದರೆಂದು ಚರಿತ್ರಕಾರರು ಬರೆದಿದ್ದಾರೆ. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಕಾಳು ತಿನ್ನಲು ಬಿಡುತ್ತಿದ್ದರಂತೆ. ಆದಿಸಾಗರ ಮುನಿಗಳು ಭೋಜಕ್ಕೆ ಆಹಾರಕ್ಕಾಗಿ ಬಂದರೆ ಹಿಂದಿರುಗುವಾಗ ಅವರನ್ನು ಹೆಗಲ ಮೇಲೆ ಕುಳ್ಳಿರಿಸಿಕೊಂಡು ಸಂಗಮದ ನೀರನ್ನು ದಾಟಿಸುತ್ತಿದ್ದವರು ಈ ಯುವಕರೇ. ಮನೆಯವರ ಬಟ್ಟೆಯ ಅಂಗಡಿಯೂ ಇತ್ತು. ಅದರ ವ್ಯವಹಾರವನ್ನು ಹೆಚ್ಚಾಗಿ ತಮ್ಮನಾದ ಕುಮಗೌಡರೇ ನೋಡಿಕೊಳ್ಳುತ್ತಿದ್ದರು. ಅಣ್ಣನ ಒಲವು ಶಾಸ್ತ್ರ ಕೇಳುವುದರಲ್ಲಿ, ಮುನಿಗಳ ಸೇವೆಯಲ್ಲಿ.

ಹದಿನೆಂಟರ ಹೊತ್ತಿಗಾಗಲೇ ಅವರಲ್ಲಿ ನಿರ್ಗ್ರಂಥ ದೀಕ್ಷೆಯ ಅಭಿಲಾಷೆ ಹುಟ್ಟಿತ್ತು. ತಂದೆಯ ಮುಂದೆ ಅದನ್ನು ನಿವೇದಿಸಿದಾಗ, ತಾವು ಗಂಡಹೆಂಡಿರು ಬದುಕಿರುವ ತನಕ ಮನೆಯಲ್ಲಿಯೇ ಇದ್ದು ಧರ್ಮಸಾಧನೆ ಮಾಡಬೇಕೆಂದು ಭೀಮಗೌಡರು ಕೇಳಿಕೊಂಡರು. ಸಾತಗೌಡರು ಒಪ್ಪಿದರು. ಒಂದೆರಡು ವರ್ಷಕ್ಕೆ ಮುಗಿಯುವ ಒಪ್ಪಂದವಾಗಿರಲಿಲ್ಲ ಅದು. ಯೌವನವೆಲ್ಲವೂ ಆ ಮಾತಿನಲ್ಲಿಯೇ ಸರಿಯಿತು.

ನನಗೆ ಒಂದು ಕಾಲದಲ್ಲಿ ಈ ಇಪ್ಪತ್ತಕ್ಕೂ ಮಿಕ್ಕಿದ ವರ್ಷಗಳು ನಷ್ಟವಾದ ಕಾಲವೆಂದೇ ತೋರುತ್ತಿದ್ದವು. ಇಂತಹ ಶಕ್ತಿ, ಇಂತಹ ವೈರಾಗ್ಯ ಇದ್ದವರು ಇಪ್ಪತ್ತರಲ್ಲಿಯೇ ಮುನಿಗಳಾಗಿದ್ದರೆ ಏನೇನು ಸಾಧಿಸುತ್ತಿದ್ದರೋ ಎಂದು ಮರುಗುತ್ತಿದ್ದೆ. ತರುಣರಿಗೆ ಹಿರಿಯರ ಮುಪ್ಪು ಹೆಚ್ಚಾಗಿ ಹಾಗೆಯೇ ಕಾಣುತ್ತದೆ: ತಮ್ಮ ದಾರಿಗೆ ಅಡ್ಡವಾಗಿ ನಿಂತದ್ದು, ಎಂದೋ ಒಂದು ದಿನ ಸರಿದುಹೋಗಬೇಕಾದದ್ದು. ಬಾಯಿ ಬಿಟ್ಟು ಹೇಳದಿದ್ದರೂ ಎಣಿಕೆಯೊಂದು ಒಳಗೆ ನಡೆದೇ ಇರುತ್ತದೆ. ಸಾತಗೌಡರಲ್ಲಿ ಅಂತಹ ಎಣಿಕೆ ಇದ್ದಿತೆಂಬ ಸುಳಿವು ನಾನು ಓದಿದ ಚರಿತ್ರೆಗಳಲ್ಲಿ ಎಲ್ಲಿಯೂ ಸಿಗಲಿಲ್ಲ. ಅವರು ಮನೆಯಲ್ಲಿಯೇ ಬ್ರಹ್ಮಚರ್ಯ ಪಾಲಿಸಿದರು, ತುಪ್ಪ ಎಣ್ಣೆಗಳನ್ನು ತ್ಯಜಿಸಿದರು, ಆಹಾರವನ್ನು ಮಿತಗೊಳಿಸಿದರು. ಜೊತೆಗೆ ತಂದೆತಾಯಿಗಳ ಮುಪ್ಪನ್ನು ಹತ್ತಿರದಿಂದ ನೋಡಿದರು. ಭೀಮಗೌಡರೂ ಸಾಮಾನ್ಯ ವೃದ್ಧರಾಗಿರಲಿಲ್ಲ. ಬಲಿಷ್ಠ ದೇಹದ ಆ ಗೌಡರು ಕೊನೆಯ ಹದಿನಾರು ವರ್ಷ ದಿನಕ್ಕೆ ಒಂದೇ ಹೊತ್ತು ಉಂಡರೆಂದೂ ಕೊನೆಗೆ ಸಮಾಧಿಪೂರ್ವಕವಾಗಿ ಪ್ರಾಣ ಬಿಟ್ಟರೆಂದೂ ಹೇಳುತ್ತಾರೆ. ಅಂದರೆ ಮುಂದೆ ಕುಂಥಲಗಿರಿಯಲ್ಲಿ ನಡೆದದ್ದರ ಮೊದಲ ಪಾಠ ಭೋಜದ ಆ ಮನೆಯಲ್ಲಿಯೇ ಆಗಿತ್ತು. ಇಪ್ಪತ್ತರಲ್ಲಿ ಮನೆ ಬಿಟ್ಟಿದ್ದರೆ ಆ ಪಾಠ ಅವರಿಗೆ ತಪ್ಪುತ್ತಿತ್ತು. ಅಂದು ನಷ್ಟವೆಂದು ಮರುಗಿದವನು ನಾನು ಇಂದು ಹೀಗೆ ಯೋಚಿಸುತ್ತೇನೆ. ಇದು ನನ್ನ ವಯಸ್ಸಿನ ಯೋಚನೆ ಎಂದು ಓದುಗರು ನಕ್ಕರೂ ಆಕ್ಷೇಪವಿಲ್ಲ.

ಮೂವತ್ತು ದಾಟಿದ ಮೇಲೆ ಅವರು ಸಮ್ಮೇದಶಿಖರಜಿಯ ಯಾತ್ರೆಗೆ ಹೋದರು. ಆ ಯಾತ್ರೆಯ ಒಂದು ಪ್ರಸಂಗ ಪರಂಪರೆಯಿಂದ ಹೇಳಿಕೊಂಡು ಬಂದದ್ದು. ಬೆಟ್ಟದ ವಂದನೆಗೆ ಹೊರಟವರಲ್ಲಿ ಒಬ್ಬ ವೃದ್ಧೆ ಏರಲಾರದೆ ಕುಸಿದು ಕುಳಿತಾಗ ಸಾತಗೌಡರು ಆಕೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ವಂದನೆ ಮಾಡಿಸಿದರಂತೆ. ಶಿಖರಜಿಯ ಬೆಟ್ಟವನ್ನು ಹತ್ತಿದವರಿಗೆ ಗೊತ್ತು, ಬರಿಯ ತನ್ನ ದೇಹವನ್ನು ಹೊತ್ತು ಹತ್ತುವುದೇ ಎಷ್ಟು ಕಷ್ಟವೆಂದು. ಇದನ್ನು ಮಕ್ಕಳಿಗೆ ಹೇಳುವಾಗ ನನ್ನ ಗಮನವೆಲ್ಲ ಹೊತ್ತವರ ಮೇಲೆ ಇರುತ್ತಿತ್ತು. ಹೊರಿಸಿಕೊಂಡವಳ ಮನಸ್ಸಿನಲ್ಲಿ ಏನಿದ್ದಿರಬಹುದೆಂದು ಅಂದು ಹೊಳೆದೇ ಇರಲಿಲ್ಲ. ಅನ್ಯರ ಬೆನ್ನನ್ನು ಆಶ್ರಯಿಸಬೇಕಾಗಿ ಬಂದಾಗ ವೃದ್ಧರಿಗೆ ಆಗುವ ಸಂಕೋಚ ಸಣ್ಣದಲ್ಲ. ಆ ತಾಯಿ ಅದನ್ನೂ ಮೀರಿ ಇಪ್ಪತ್ತು ತೀರ್ಥಂಕರರ ಟೋಂಕುಗಳ ದರ್ಶನ ಮಾಡಿದಳಲ್ಲ!

ಸಾತಗೌಡರಿಗೆ ಮೂವತ್ತೇಳರ ಆಸುಪಾಸಿನಲ್ಲಿ ತಂದೆ ತೀರಿಕೊಂಡರು. ಕೆಲವು ವರ್ಷಗಳಲ್ಲಿ ತಾಯಿಯೂ ಹೋದರು. ಕೊಟ್ಟ ಮಾತು ಮುಗಿದಿತ್ತು. ನಲವತ್ತು ದಾಟಿದ್ದ ಅವರು ಉತ್ತೂರಿನಲ್ಲಿದ್ದ ದೇವಪ್ಪ ಸ್ವಾಮಿಗಳ, ಅಂದರೆ ದೇವೇಂದ್ರಕೀರ್ತಿ ಮುನಿಗಳ ಬಳಿಗೆ ಹೋಗಿ ನೇರವಾಗಿ ನಿರ್ಗ್ರಂಥ ದೀಕ್ಷೆಯನ್ನೇ ಬೇಡಿದರು. ಗುರುಗಳು ಮೆಟ್ಟಿಲು ಮೆಟ್ಟಿಲಾಗಿ ಏರಬೇಕೆಂದು ತಿಳಿಸಿ ಮೊದಲು ಕ್ಷುಲ್ಲಕ ದೀಕ್ಷೆಯನ್ನು ಕೊಟ್ಟರು. ಇಪ್ಪತ್ತು ವರ್ಷ ಕಾದವರಿಗೆ ಮತ್ತೆ ಕಾಯುವ ವಿಧಿ. ಅದನ್ನೂ ಅವರು ಸ್ವೀಕರಿಸಿದರು. ಮುಂದೆ ಗಿರನಾರಿನಲ್ಲಿ ನೇಮಿನಾಥ ಸ್ವಾಮಿಯ ಸನ್ನಿಧಿಯಲ್ಲಿ ಐಲಕರಾದರು. ಕೊನೆಗೆ 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ ದೊರೆಯಿತು. ಸಾತಗೌಡರು ಶಾಂತಿಸಾಗರರಾದಾಗ ವಯಸ್ಸು ನಲವತ್ತೆಂಟು.

ನಲವತ್ತೆಂಟು! ಗೃಹಸ್ಥರಾದ ನಾವು ಆ ವಯಸ್ಸಿಗೆ ಮೊಣಕಾಲಿನ ನೋವಿನ ಮಾತು ಆರಂಭಿಸಿರುತ್ತೇವೆ. ಇನ್ನು ಹೊಸದನ್ನೇನು ಹಿಡಿಯುವುದು, ಇದ್ದದ್ದನ್ನು ಉಳಿಸಿಕೊಂಡರೆ ಸಾಕು ಎಂಬ ಭಾವ ಮೂಡುವ ಕಾಲ ಅದು. ಮುನಿಧರ್ಮವಾದರೋ ದೇಹದಿಂದ ಏನೇನನ್ನು ಬೇಡುತ್ತದೆ ನೋಡಿ. ಇಪ್ಪತ್ತೆಂಟು ಮೂಲಗುಣಗಳಲ್ಲಿ ದಿಗಂಬರತ್ವ, ಸ್ನಾನವಿಲ್ಲದಿರುವುದು, ನೆಲದ ಮೇಲೆ ಮಲಗುವುದು, ಎರಡರಿಂದ ನಾಲ್ಕು ತಿಂಗಳೊಳಗೆ ಕೈಯಿಂದಲೇ ಕೇಶಲೋಚ ಮಾಡಿಕೊಳ್ಳುವುದು, ದಿನಕ್ಕೆ ಒಂದೇ ಸಲ, ನಿಂತುಕೊಂಡು, ಎರಡು ಕೈಗಳನ್ನೇ ಪಾತ್ರೆಯಾಗಿಸಿಕೊಂಡು ಆಹಾರ ಸ್ವೀಕರಿಸುವುದು ಸೇರಿವೆ. ನೀರೂ ಆ ಒಂದೇ ಹೊತ್ತಿನಲ್ಲಿ. ಕೂದಲೋ ಸತ್ತ ಹುಳುವೋ ಕಂಡರೆ ಅಂತರಾಯ. ಆಹಾರ ಅಲ್ಲಿಗೇ ನಿಂತಿತು, ಮುಂದಿನದು ಮರುದಿನ. ಪ್ರಯಾಣವೆಂದರೆ ಬರಿಗಾಲಿನ ನಡಿಗೆ.

ಆ ಕಾಲದಲ್ಲಿ ದಕ್ಷಿಣದ ಮುನಿಚರ್ಯೆ ಶಿಥಿಲವಾಗಿತ್ತು. ಊರೊಳಗೆ ಬರುವಾಗ ವಸ್ತ್ರ ಹೊದೆಯುವುದು, ಮೊದಲೇ ಗೊತ್ತುಪಡಿಸಿದ ಮನೆಯಲ್ಲಿ ಆಹಾರ ಪಡೆಯುವುದು ನಡೆದುಬಂದಿತ್ತು. ಕ್ಷುಲ್ಲಕರಾಗಿದ್ದಾಗಲೇ ಶಾಂತಿಸಾಗರರು ಗೊತ್ತುಪಡಿಸಿದ ಮನೆಯ ಆಹಾರವನ್ನು ನಿರಾಕರಿಸಿದ್ದರು. ಶ್ರಾವಕರಿಗೆ ಸರಿಯಾದ ವಿಧಿ ತಿಳಿಯದೆ ಉಪವಾಸಗಳಾದವು. ಶಾಸ್ತ್ರದಲ್ಲಿರುವ ಚರ್ಯೆ ಆಚರಿಸಲು ಸಾಧ್ಯವೆಂದು ನಡೆದು ತೋರಿಸಿದವರು ಐವತ್ತರ ಹೊಸ್ತಿಲಲ್ಲಿದ್ದ ಈ ಮುನಿಗಳು. ಇಂದು ನಾವು ಕಾಣುವ ಬಹುಪಾಲು ದಿಗಂಬರ ಮುನಿಸಂಘಗಳು ತಮ್ಮ ಪರಂಪರೆಯನ್ನು ಅವರಿಂದಲೇ ಹೇಳಿಕೊಳ್ಳುತ್ತವೆ.

1924ರಲ್ಲಿ ಸಮಡೋಳಿಯಲ್ಲಿ ಅವರು ಆಚಾರ್ಯಪದವಿಗೇರಿದರು. ಮುಂದಿನ ವರ್ಷಗಳ ಕಥೆ ಸುಪರಿಚಿತವಾದದ್ದು: ಸಂಘದೊಡನೆ ಶಿಖರಜಿಗೆ ಕಾಲ್ನಡಿಗೆಯ ವಿಹಾರ, ಉತ್ತರ ಭಾರತದ ಚಾತುರ್ಮಾಸಗಳು, ಶತಮಾನಗಳಿಂದ ದಿಗಂಬರ ಮುನಿಗಳ ಸಂಚಾರ ವಿರಳವಾಗಿದ್ದ ಪ್ರದೇಶಗಳಲ್ಲಿ ನಿರ್ಗ್ರಂಥ ಸಂಘದ ದರ್ಶನ, 1931ರಲ್ಲಿ ದೆಹಲಿಯ ಚಾತುರ್ಮಾಸ. ಆಗ ಅವರಿಗೆ ಐವತ್ತೊಂಬತ್ತು, ಸರಕಾರಿ ನೌಕರನಾದರೆ ನಿವೃತ್ತಿಯ ವಯಸ್ಸು.

ಮುಪ್ಪಿನ ವಿಚಾರಕ್ಕೆ ಸಂಬಂಧಿಸಿದ ಮತ್ತೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಸಾತಗೌಡರ ಅಣ್ಣ ದೇವಗೌಡರೂ ಮುಂದೆ ವರ್ಧಮಾನಸಾಗರರೆಂಬ ಹೆಸರಿನಿಂದ ಮುನಿಗಳಾದರು. ಮುನಿಸಂಘದಲ್ಲಿ ಹಿರಿತನವನ್ನು ಎಣಿಸುವುದು ಹುಟ್ಟಿನಿಂದಲ್ಲ, ದೀಕ್ಷೆಯಿಂದ. ಎಂಬತ್ತರ ವೃದ್ಧರು ನಿನ್ನೆ ದೀಕ್ಷೆ ಪಡೆದಿದ್ದರೆ, ಹತ್ತು ವರ್ಷದ ಹಿಂದೆ ದೀಕ್ಷಿತರಾದ ಮೂವತ್ತರ ಮುನಿಗೆ ಅವರೇ ಮೊದಲು ನಮಿಸಬೇಕು. ಹೀಗಾಗಿ ಭೋಜದ ಮನೆಯಲ್ಲಿ ತಮ್ಮನಾಗಿದ್ದವರಿಗೆ ಅಣ್ಣನಾಗಿದ್ದವರು ವಂದಿಸಿದರು. ವಯಸ್ಸು ಹೆಚ್ಚಾದಂತೆ ನಮಗೆ ಬರುವ ಒಂದು ಹಕ್ಕೆಂದರೆ ಕಿರಿಯರ ನಮಸ್ಕಾರ. ನಿವೃತ್ತ ಅಧ್ಯಾಪಕರಿಗಂತೂ ಅದರ ರುಚಿ ಚೆನ್ನಾಗಿ ಗೊತ್ತು. ಹಳೆಯ ವಿದ್ಯಾರ್ಥಿ ಎದುರಿಗೆ ಬಂದು ಗುರುತಿಸದೆ ಹೋದರೆ ಆ ದಿನವೆಲ್ಲ ಮನಸ್ಸು ಮುದುಡಿರುತ್ತದೆ. ದೇವಗೌಡರು ದೀಕ್ಷೆಯ ದಿನ ವಸ್ತ್ರಗಳ ಜೊತೆಗೆ ಹುಟ್ಟಿನ ಹಿರಿತನವನ್ನೂ ಕಳಚಿಟ್ಟರು.

ಆಚಾರ್ಯರ ಎಪ್ಪತ್ತರ ದಶಕಕ್ಕೆ ಬರೋಣ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ತಾಳೆಗರಿಗಳ ಮೇಲೆ ಹಳಗನ್ನಡ ಲಿಪಿಯಲ್ಲಿ ಉಳಿದುಬಂದಿರುವ ಧವಲ, ಜಯಧವಲ, ಮಹಾಬಂಧ ಗ್ರಂಥಗಳಲ್ಲಿ ಮಹಾಬಂಧದ ಕೆಲವು ಸಾವಿರ ಶ್ಲೋಕಗಳಷ್ಟು ಭಾಗ ಹುಳುಗಳ ಪಾಲಾಗಿದೆಯೆಂಬ ಸಂಗತಿ ಅವರ ಕಿವಿಗೆ ಬಿದ್ದಾಗ ಅವರಿಗೆ ಬಹಳ ವ್ಯಥೆಯಾಯಿತು. ಗ್ರಂಥಗಳನ್ನು ತಾಮ್ರಪತ್ರಗಳ ಮೇಲೆ ಕೆತ್ತಿಸುವ ಕಾರ್ಯಕ್ಕೆ ಅವರು ಪ್ರೇರಣೆಯಿತ್ತರು. ಶ್ರಾವಕರು ಅದನ್ನು ನೆರವೇರಿಸಿದರು. ಈ ಗ್ರಂಥಗಳ ಮೂಲಕಥೆಯೇ ಒಬ್ಬ ವೃದ್ಧರ ಕಳವಳದಿಂದ ಆರಂಭವಾಗುತ್ತದೆ ಎಂಬುದನ್ನು ನೆನೆಯಬೇಕು. ಗಿರನಾರಿನ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮ ಆಯುಷ್ಯ ಸ್ವಲ್ಪವೇ ಉಳಿದಿದೆಯೆಂದು ಅರಿತು, ತಮ್ಮೊಡನೆ ಶ್ರುತಜ್ಞಾನವೂ ಅಳಿದುಹೋದೀತೆಂದು ಮುನಿಸಂಘಕ್ಕೆ ಪತ್ರ ಕಳುಹಿಸಿದರು. ಬಂದ ಇಬ್ಬರು ಮುನಿಗಳನ್ನು ಪರೀಕ್ಷಿಸಿ, ತಮಗೆ ತಿಳಿದದ್ದನ್ನೆಲ್ಲ ಕಲಿಸಿದರು. ಪುಷ್ಪದಂತ, ಭೂತಬಲಿಗಳೆಂದು ಹೆಸರಾದ ಆ ಶಿಷ್ಯರಿಂದ ಷಟ್‌ಖಂಡಾಗಮ ರಚನೆಯಾಯಿತು. ಎಪ್ಪತ್ತು ದಾಟಿದ ಮತ್ತೊಬ್ಬ ಆಚಾರ್ಯರು ಅದೇ ಗ್ರಂಥದ ಉಳಿವಿಗಾಗಿ ಚಿಂತಿಸಿದರು. ತಾಳೆಗರಿಗೂ ಮುಪ್ಪುಂಟು, ಅದಕ್ಕೆ ತಾಮ್ರದ ದೇಹ ಕೊಡಬಹುದೆಂದು ಯೋಚಿಸಿದವರು ತಮ್ಮ ದೇಹದ ಬಗ್ಗೆ ಅಂತಹ ಯಾವ ಏರ್ಪಾಟನ್ನೂ ಬಯಸಲಿಲ್ಲ.

ಅದೇ ದಶಕದಲ್ಲಿ ಮುಂಬಯಿ ಪ್ರಾಂತದ 1947ರ ದೇವಾಲಯ ಪ್ರವೇಶ ಕಾಯಿದೆ ಬಂದಿತು. ಜೈನರು ಹಿಂದೂಗಳಿಗಿಂತ ಭಿನ್ನವಾದ ಸ್ವತಂತ್ರ ಧರ್ಮದವರು, ಆ ಕಾಯಿದೆ ಜೈನ ಮಂದಿರಗಳಿಗೆ ಅನ್ವಯಿಸಬಾರದು ಎಂಬ ನಿಲುವಿನಿಂದ ಆಚಾರ್ಯರು ಧಾನ್ಯಾಹಾರವನ್ನು ತ್ಯಜಿಸಿದರು. 1948ರಿಂದ 1951ರವರೆಗೆ, ಮುಂಬಯಿ ಉಚ್ಚ ನ್ಯಾಯಾಲಯ ಜೈನರ ಪರವಾಗಿ ತೀರ್ಪು ಕೊಡುವ ತನಕ, ಮೂರು ವರ್ಷಗಳಿಗೂ ಮಿಕ್ಕಿ ಅನ್ನ, ರೊಟ್ಟಿ, ಬೇಳೆಗಳಿಲ್ಲ. ಆ ಕಾಯಿದೆಯ ಉದ್ದೇಶ ಅಸ್ಪೃಶ್ಯತೆಯ ನಿವಾರಣೆಯಾಗಿತ್ತು. ಆದ್ದರಿಂದ ಈ ನಿಲುವನ್ನು ಪ್ರಶ್ನಿಸುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆ ಪ್ರಶ್ನೆಯನ್ನು ನಾನೂ ಹಗುರವಾಗಿ ತಳ್ಳಿಹಾಕಲಾರೆ. ಇಲ್ಲಿ ಗಮನಿಸುವುದು ಎಪ್ಪತ್ತಾರರಿಂದ ಎಪ್ಪತ್ತೊಂಬತ್ತರವರೆಗಿನ ಆ ವಯಸ್ಸನ್ನು. ಈ ವಯಸ್ಸಿನಲ್ಲಿ ಬೇಡವೆಂದು ಸುತ್ತಲಿನವರು ವೃದ್ಧರನ್ನು ಎಲ್ಲದರಿಂದ ತಡೆಯುತ್ತಾರೆ. ವೃದ್ಧರೂ ಅದನ್ನೇ ನೆಪವಾಗಿ ಹಿಡಿಯುತ್ತಾರೆ. ಆಚಾರ್ಯರು ವಯಸ್ಸನ್ನು ಯಾವ ವ್ರತದಿಂದಲೂ ರಿಯಾಯಿತಿ ಕೇಳಲು ಬಳಸಲಿಲ್ಲ.

ಬಳಸದಿದ್ದವರಿಗೆ ಕೊನೆಗೆ ವಯಸ್ಸು ಎದುರಾದದ್ದು ಕಣ್ಣಿನ ಮೂಲಕ. ಕಾಲಿನಲ್ಲಿ ಶಕ್ತಿಯಿತ್ತು, ಬುದ್ಧಿ ಸ್ಫುಟವಾಗಿತ್ತು. ದೃಷ್ಟಿ ಮಾತ್ರ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯಿತು.

ಗೃಹಸ್ಥನಿಗೆ ಕಣ್ಣು ಮಂದವಾದರೆ ಓದುವುದು ನಿಲ್ಲುತ್ತದೆ, ನಡೆಯಲು ಮೊಮ್ಮಗನ ಕೈ ಬೇಕಾಗುತ್ತದೆ. ದುಃಖದ ಸಂಗತಿಯೇ, ಆದರೆ ಬಾಳು ಸಾಗುತ್ತದೆ. ಮುನಿಗೆ ಹಾಗಲ್ಲ. ನಡೆಯುವಾಗ ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡಿ, ಜೀವವಿಲ್ಲದ ಕಡೆ ಹೆಜ್ಜೆಯಿಡಬೇಕೆಂಬುದು ಈರ್ಯಾಸಮಿತಿ. ಕೈಯಲ್ಲಿ ಬಿದ್ದ ತುತ್ತನ್ನು ಶೋಧಿಸಿಯೇ ಬಾಯಿಗಿಡಬೇಕೆಂಬುದು ಏಷಣಾಸಮಿತಿಯ ಭಾಗ. ಕಮಂಡಲುವನ್ನೋ ಶಾಸ್ತ್ರವನ್ನೋ ಎತ್ತುವಾಗ ಇಡುವಾಗ ನೋಡಿ, ಪಿಂಛಿಯಿಂದ ಮೃದುವಾಗಿ ಸರಿಸಿ ಇಡಬೇಕು; ಮಲಮೂತ್ರ ವಿಸರ್ಜನೆಗೂ ಜೀವರಹಿತವಾದ ಸ್ಥಳವನ್ನು ನೋಡಬೇಕು. ಐದು ಸಮಿತಿಗಳಲ್ಲಿ ಭಾಷಾಸಮಿತಿಯೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಕಣ್ಣನ್ನು ನಂಬಿವೆ. ಕಣ್ಣಿಲ್ಲದೆ ಇಟ್ಟ ಹೆಜ್ಜೆಯ ಕೆಳಗೆ ಇರುವೆಯಿದ್ದರೆ? ಮೂವತ್ತೈದು ವರ್ಷ ಪಾಲಿಸಿದ ಅಹಿಂಸಾ ಮಹಾವ್ರತ ದೇಹವನ್ನು ಉಳಿಸಿಕೊಳ್ಳುವ ಆಸೆಯಿಂದಲೇ ದಿನವೂ ಭಂಗವಾಗಬೇಕಾಗುತ್ತದೆ. ಆಚಾರ್ಯರ ಮುಂದಿದ್ದ ಸಮಸ್ಯೆ ಅದು. ದೇಹವನ್ನೂ ವ್ರತವನ್ನೂ ಒಟ್ಟಿಗೆ ಉಳಿಸಿಕೊಳ್ಳುವಂತಿರಲಿಲ್ಲ.

ಇಂತಹ ಸಂದರ್ಭಕ್ಕಾಗಿಯೇ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನದ ಕಾರಣಗಳನ್ನು ನಿರ್ದಿಷ್ಟವಾಗಿ ಹೇಳಿದ್ದಾರೆ: ಉಪಸರ್ಗ, ದುರ್ಭಿಕ್ಷ, ಜರೆ, ರೋಗ. ಈ ನಾಲ್ಕರಲ್ಲಿ ಜರೆ, ಎಂದರೆ ಮುಪ್ಪು, ಒಂದು. ಆದರೆ ಮುಪ್ಪು ಬಂದ ಮಾತ್ರಕ್ಕೆ ಸಾಲದು, ಅದು ಪರಿಹಾರವಿಲ್ಲದ್ದಾಗಿರಬೇಕು ಎಂಬ ನಿಬಂಧನೆಯೂ ಅಲ್ಲಿಯೇ ಇದೆ. ಅದಕ್ಕಿಂತ ಸೂಕ್ಷ್ಮವಾದ ಮಾತು ತತ್ತ್ವಾರ್ಥಸೂತ್ರದ್ದು. ಸಲ್ಲೇಖನದ ಐದು ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾತಿಗಳು ಜೀವಿತಾಶಂಸೆಯನ್ನೂ ಮರಣಾಶಂಸೆಯನ್ನೂ ಜೊತೆಜೊತೆಗೆ ಇಟ್ಟಿದ್ದಾರೆ. ಇನ್ನಷ್ಟು ದಿನ ಬದುಕಬೇಕೆಂಬ ಆಸೆ ದೋಷ. ಬೇಗ ಸಾವು ಬರಲಿ ಎಂಬ ಆಸೆಯೂ ಅಷ್ಟೇ ದೋಷ.

ನನ್ನ ಓರಗೆಯವರು ಸಂಜೆ ಬಸದಿಯ ಜಗಲಿಯಲ್ಲಿ ಕುಳಿತು ಆಡುವ ಮಾತುಗಳನ್ನು ಕೇಳಿದರೆ ಈ ಎರಡು ಆಸೆಗಳ ನಡುವಿನ ಓಡಾಟ ಎಷ್ಟೆಂದು ತಿಳಿಯುತ್ತದೆ. ಬಾಲ್ಯದಲ್ಲಿ ಬೇಗ ದೊಡ್ಡವರಾಗಬೇಕೆಂದು ಹಂಬಲಿಸಿದವರೇ ನಾವೆಲ್ಲರೂ. ನಲವತ್ತರಲ್ಲಿ ಮೊದಲ ನರೆಗೂದಲನ್ನು ಕನ್ನಡಿಯ ಮುಂದೆ ಕಿತ್ತವರು. ಐವತ್ತೈದರಲ್ಲಿ ಯಾರಾದರೂ ಅಜ್ಜ ಎಂದರೆ ಮುನಿದವರು. ಈಗ ಮೊಣಕಾಲು ನೊಂದ ದಿನ ಸಾಕಪ್ಪಾ ಈ ಬಾಳು ಎನ್ನುತ್ತೇವೆ. ಮರುದಿನ ರಕ್ತಪರೀಕ್ಷೆಯ ವರದಿ ಚೆನ್ನಾಗಿ ಬಂದರೆ ಇನ್ನೂ ಹತ್ತು ವರ್ಷಕ್ಕೆ ತೊಂದರೆಯಿಲ್ಲವೆಂದು ಹಿಗ್ಗುತ್ತೇವೆ. ಸಾವು ಬರಲಿ ಎಂದವರೇ ಮಾತ್ರೆಯ ಹೊತ್ತಾಯಿತೆಂದು ಎದ್ದು ಮನೆಗೆ ನಡೆಯುತ್ತಾರೆ. ಅವರನ್ನು ಹಾಸ್ಯ ಮಾಡುತ್ತಿಲ್ಲ. ನಾನೂ ಅವರೊಡನೆ ಏಳುವವನೇ. ಸೂತ್ರಕಾರರು ಬಲ್ಲರು, ಮುಪ್ಪಿನಲ್ಲಿ ಮನಸ್ಸು ತೂಗುವುದು ಹೀಗೆಯೇ ಎಂದು.

2015ರ ಆಗಸ್ಟ್‌ನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯ ಸಂಥಾರವನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಪಿತ್ತಾಗ, ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಆಗ ಊರೂರಿನಲ್ಲಿ ಮೆರವಣಿಗೆ, ಚರ್ಚೆಗಳಾದವು. ಮರಣಾಶಂಸೆಯನ್ನು ದೋಷವೆಂದು ಎಣಿಸುವ ಆ ಸೂತ್ರವನ್ನು ಎರಡೂ ಪಕ್ಷದವರು ಇನ್ನಷ್ಟು ಗಮನಕೊಟ್ಟು ನೋಡಿದ್ದರೆ ಚರ್ಚೆ ಬೇರೆಯಾಗುತ್ತಿತ್ತೇನೋ. ಮುಪ್ಪಿಗೆ ಹೆದರಿಯೋ ಮನೆಯವರಿಗೆ ಹೊರೆಯಾದೆನೆಂದು ನೊಂದೋ ಆಹಾರ ಬಿಡುವವರು ಆ ವ್ರತಕ್ಕೆ ಅರ್ಹರಲ್ಲ. ಮನೆಯ ವೃದ್ಧರೊಬ್ಬರು ಸಲ್ಲೇಖನದ ಮಾತೆತ್ತಿದರೆ ನಾವು ಮೊದಲು ನೋಡಬೇಕಾದದ್ದು ಅವರ ವೈರಾಗ್ಯವನ್ನೋ ನಮ್ಮ ನಡತೆಯನ್ನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆಚಾರ್ಯರು ಕುಂಥಲಗಿರಿಯನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಕುಲಭೂಷಣ, ದೇಶಭೂಷಣರೆಂಬ ಸೋದರ ಮುನಿಗಳು ಮುಕ್ತಿ ಪಡೆದ ಸ್ಥಳವದು. ರಾಜಕುಮಾರರಾಗಿದ್ದ ಅವರಿಬ್ಬರೂ ತರುಣ ವಯಸ್ಸಿನಲ್ಲಿಯೇ ವಿರಕ್ತರಾದವರು. ಮುಪ್ಪನ್ನು ಕಾಣದೆ ಹೊರಟವರ ಬೆಟ್ಟಕ್ಕೆ ಮುಪ್ಪನ್ನು ಪೂರ್ತಿ ಕಂಡವರು ಬಂದು ನಿಂತರು.

1955ರ ಆಗಸ್ಟ್ 14ರಂದು ಸಲ್ಲೇಖನ ಆರಂಭವಾಯಿತು. ಆಹಾರವನ್ನು ಬಿಟ್ಟು ಮೊದಲಲ್ಲಿ ಕೆಲವು ದಿನ ನೀರನ್ನು ಮಾತ್ರ ಸ್ವೀಕರಿಸಿದರು. ಕ್ರಮೇಣ ಅದನ್ನೂ ನಿಲ್ಲಿಸಿದರು. ಸುದ್ದಿ ಹರಡಿದಂತೆ ದೇಶದ ನಾನಾ ಕಡೆಯಿಂದ ಜನ ಆ ಚಿಕ್ಕ ಕ್ಷೇತ್ರಕ್ಕೆ ಬರತೊಡಗಿದರು. ಮಳೆಗಾಲವಾದರೂ ಬಂದರು. ಬಂದವರಿಗೆ ದರ್ಶನ ಕೊಡಲು ಎಂಬತ್ತಮೂರರ ಉಪವಾಸಿ ಎದ್ದು ಹೊರಗೆ ಬರುತ್ತಿದ್ದರು.

ಆಗಸ್ಟ್ ತಿಂಗಳಲ್ಲಿಯೇ ಅವರು ಮತ್ತೊಂದು ಕೆಲಸವನ್ನು ಮುಗಿಸಿದರು. ಆಚಾರ್ಯಪದವಿಯನ್ನು ತಮ್ಮ ಹಿರಿಯ ಶಿಷ್ಯರಾದ ವೀರಸಾಗರರಿಗೆ ಒಪ್ಪಿಸಿ ಪತ್ರ ಬರೆಯಿಸಿದರು. ವೀರಸಾಗರರು ಆಗ ಜಯಪುರದಲ್ಲಿ ಚಾತುರ್ಮಾಸದಲ್ಲಿದ್ದರು, ಸಮೀಪಕ್ಕೆ ಬರುವಂತಿರಲಿಲ್ಲ. ಗುರುಗಳ ಬಳಿ ಉಳಿದದ್ದು ಪಿಂಛಿ, ಕಮಂಡಲು ಮತ್ತು ಆ ಪದವಿ. ಪದವಿಯನ್ನು ಕೊನೆಯ ಉಸಿರಿನ ತನಕ ಹಿಡಿದುಕೊಂಡಿರಲಿಲ್ಲ. ಮನೆಯಲ್ಲಿ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಸೊಸೆಯ ಕೈಗೆ ಕೊಡಲು ನಮಗೆ ಎಷ್ಟು ವರ್ಷ ಬೇಕಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಸೆಪ್ಟೆಂಬರ್ 8, ಸಲ್ಲೇಖನದ ಇಪ್ಪತ್ತಾರನೆಯ ದಿನ. ಅಂದು ಆಚಾರ್ಯರು ಮರಾಠಿಯಲ್ಲಿ ಕೊನೆಯ ಉಪದೇಶವನ್ನು ನೀಡಿದರು. ಅದನ್ನು ಧ್ವನಿಮುದ್ರಣ ಮಾಡಿಕೊಳ್ಳಲಾಯಿತು. ಇಪ್ಪತ್ತಾರು ದಿನಗಳ ಉಪವಾಸದ ನಂತರ ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಹೊತ್ತು ಅವರು ಮಾತನಾಡಿದರು. ತಮ್ಮ ದೇಹದ ವಿಚಾರವನ್ನು ಅವರು ಮುಂದಿಡಲಿಲ್ಲ. ಆತ್ಮಚಿಂತನೆಯನ್ನು ದಿನಕ್ಕೆ ಸ್ವಲ್ಪ ಹೊತ್ತಾದರೂ ಮಾಡಬೇಕೆಂದೂ, ಸಂಯಮವನ್ನು ಧರಿಸಲು ಅಂಜಬಾರದೆಂದೂ ಶ್ರಾವಕರಿಗೆ ತಿಳಿಸಿದರು. ಅಂಜಬಾರದೆಂಬುದನ್ನು ಮತ್ತೆ ಮತ್ತೆ ಹೇಳಿದರು. ಮುಪ್ಪಿಗೆ ಅಂಜುವ ನಾವು ಸಂಯಮಕ್ಕೆ ಅದಕ್ಕಿಂತ ಹೆಚ್ಚು ಅಂಜುತ್ತೇವೆ ಎಂಬುದನ್ನು ಅವರು ಕಂಡಿದ್ದರು.

ಇನ್ನು ಹತ್ತು ದಿನ. ಕುಳಿತುಕೊಳ್ಳುವ ಶಕ್ತಿ ಕುಂದಿತು, ಅರಿವು ಕುಂದಲಿಲ್ಲ. ಸೆಪ್ಟೆಂಬರ್ 18ರ ಬೆಳಿಗ್ಗೆ ಏಳು ಗಂಟೆಗೆ ಸ್ವಲ್ಪ ಮುಂಚೆ ಪಂಚನಮಸ್ಕಾರದ ಶ್ರವಣದ ನಡುವೆ ಉಸಿರು ನಿಂತಿತು. ಕ್ಷೇತ್ರದಲ್ಲಿಯೇ ಅಂತ್ಯಸಂಸ್ಕಾರ ನಡೆಯಿತು.

ಜಯಪುರದಲ್ಲಿ ಆಚಾರ್ಯಪದವಿಯನ್ನು ಸ್ವೀಕರಿಸಿದ ವೀರಸಾಗರರು 1924ರಲ್ಲಿ ಶಾಂತಿಸಾಗರರಿಂದಲೇ ಮುನಿದೀಕ್ಷೆ ಪಡೆದವರು. ಪತ್ರ ತಲುಪಿದಾಗ ಅವರಿಗೂ ಎಂಬತ್ತರ ಹತ್ತಿರ ವಯಸ್ಸು. ಮುಂದೆ ಎರಡು ವರ್ಷ, 1957ರಲ್ಲಿ ತಾವೂ ಸಮಾಧಿಸ್ಥರಾಗುವ ತನಕ, ಅವರು ಸಂಘವನ್ನು ನಡೆಸಿದರು.